ಕುಡಿಯುವ ನೀರಿನ ಮನೆ ಫಿಲ್ಟರ್: ಇಜೇರಿ ಸೀಮೆಯಲ್ಲಿ ಆಯ್ಕೆ

ಮನೆಗೆ ಬಂದ ನೀರನ್ನು ಕುಡಿಯುವ ಮೊದಲು ಸೋಸಲು, ಅದರಲ್ಲಿನ ರೋಗಾಣು ಕೊಲ್ಲಲು ಅಥವಾ ಕರಗಿದ ಲವಣ ತೆಗೆಯಲು ಅಡುಗೆಮನೆಯಲ್ಲಿ ಇಟ್ಟುಕೊಳ್ಳುವ ಸಾಧನಕ್ಕೆ ರೂಢಿಯಲ್ಲಿ ಫಿಲ್ಟರ್ ಎಂದೇ ಹೆಸರು. ಸೋಸುವುದು, ಕೊಲ್ಲುವುದು, ಲವಣ ತೆಗೆಯುವುದು ಮೂರೂ ಬೇರೆ ಬೇರೆ ಕೆಲಸ. ಕಲಬುರಗಿ ಜಿಲ್ಲೆಯ ಇಜೇರಿ ಮತ್ತು ಸುತ್ತಲಿನ ಜೇವರ್ಗಿ, ಅಫಜಲಪುರ, ಆಳಂದ ಸೀಮೆಯಲ್ಲಿ ಈ ವ್ಯತ್ಯಾಸ ಅರಿಯದೆ ಫಿಲ್ಟರ್ ಕೊಂಡರೆ ದುಡ್ಡು ಹೋಗುತ್ತದೆ, ನೀರು ಇದ್ದಂತೆಯೇ ಉಳಿಯುತ್ತದೆ. ಏಕೆಂದರೆ ಇಲ್ಲಿಯ ಎಷ್ಟೋ ಮನೆಗಳಿಗೆ ಎರಡು ಬಗೆಯ ನೀರು ಬರುತ್ತದೆ. ಬೋರಿನ ನೀರು ಕಣ್ಣಿಗೆ ತಿಳಿ, ಒಳಗೆ ಲವಣದ ಭಾರ. ಹೊಳೆಯ ನೀರಿನಲ್ಲಿ ಲವಣ ಕಡಿಮೆ, ಆದರೆ ಮಳೆಗಾಲದಲ್ಲಿ ರಾಡಿ, ಜೊತೆಗೆ ರೋಗಾಣುವಿನ ಭಯ. ಒಂದಕ್ಕೆ ಹೊಂದುವ ಯಂತ್ರ ಇನ್ನೊಂದಕ್ಕೆ ಹೊಂದುವುದು ಅಪರೂಪ. ಅಂಗಡಿಗೆ ಹೋಗುವ ಮೊದಲು ನೀರಿನ ಪರಿಚಯ ಆಗಬೇಕು.

ನೆಲ ಮತ್ತು ನೀರು

ಆಳಂದ, ಅಫಜಲಪುರಗಳ ಬಹುಭಾಗ ದಖ್ಖನ್ ಲಾವಾದ ಕಪ್ಪುಕಲ್ಲಿನ ಮೇಲಿದೆ. ಜೇವರ್ಗಿಯ ಕಡೆ ಬಂದಂತೆ ಭೀಮಾ ಕೊಳ್ಳದ ಸುಣ್ಣಕಲ್ಲೂ ಸೇರಿಕೊಳ್ಳುತ್ತದೆ. ಶಹಾಬಾದ ಕಲ್ಲೆಂದು ನಾಡಿನ ಮನೆಗಳಲ್ಲಿ ಹಾಸಿರುವ ಹಾಸುಗಲ್ಲು, ವಾಡಿ ಮತ್ತು ಸೇಡಂನ ಸಿಮೆಂಟು ಈ ಕೊಳ್ಳದ ಸುಣ್ಣಕಲ್ಲಿನಿಂದಲೇ ಬಂದವು. ಮಳೆಯ ನೀರು ಗಾಳಿ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲೀಯವಾಗುತ್ತದೆ. ಕಲ್ಲಿನ ಬಿರುಕಿನಲ್ಲಿ ಇಳಿಯುತ್ತ ಸುಣ್ಣವನ್ನೂ ಮೆಗ್ನೀಷಿಯಮ್ಮನ್ನೂ ಕರಗಿಸಿಕೊಳ್ಳುತ್ತದೆ. ಬೋರು ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಜೊತೆ ಕಳೆದ ಕಾಲ ಹೆಚ್ಚು, ಕರಗಿದ ಲವಣವೂ ಸಾಮಾನ್ಯವಾಗಿ ಹೆಚ್ಚು. ಗಡಸು ನೀರು ಎನ್ನುವುದು ಇದನ್ನೇ. ಉಪ್ಪಿನ ಅಂಶವೂ ಏರಿ ನಾಲಗೆಗೆ ತಾಗಿದರೆ ಜನ ಸವಳು ನೀರು ಎನ್ನುತ್ತಾರೆ.

ಇದು ತೊಗರಿಯ ಸೀಮೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನೀರು ಗಡಸೋ ಮೆದುವೋ ಎಂದು ಹೇಳಲು ಇಲ್ಲಿನ ಹೆಣ್ಣುಮಕ್ಕಳಿಗೆ ಪ್ರಯೋಗಾಲಯ ಬೇಕಿಲ್ಲ. ಒಲೆಯ ಮೇಲಿಟ್ಟ ಬ್ಯಾಳಿಯೇ ಹೇಳುತ್ತದೆ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪೆಕ್ಟಿನ್ ಎಂಬ ಅಂಟು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗುತ್ತದೆ. ಕುದಿಸಿದರೂ ಕಾಳು ಬೇಗ ಕರಗುವುದಿಲ್ಲ. ಹೊಳೆಯ ನೀರಿನಲ್ಲಿ ಬೇಗ ಬೇಯುವ ಬೇಳೆಗೆ ಬೋರಿನ ನೀರಿನಲ್ಲಿ ಹೆಚ್ಚು ಉರುವಲು, ಹೆಚ್ಚು ಹೊತ್ತು ಬೇಕಾಗುವುದು ಈ ಕಾರಣದಿಂದ. ಸೋಡಾ ಪುಡಿ ಹಾಕುವ ರೂಢಿಯ ಹಿಂದೆಯೂ ಇದೇ ಲೆಕ್ಕವಿದೆ. ಸಾಬೂನು ನೊರೆ ಬಾರದಿರುವುದು, ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪದರ ಕೂರುವುದು ಗಡಸುತನದ ಉಳಿದ ಗುರುತುಗಳು.

ಆದರೆ ಗಡಸುತನ ಕಾಯಿಲೆಯಲ್ಲ, ಕಿರಿಕಿರಿ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಆಧಾರದ ಮಿತಿಯನ್ನೇ ಹಾಕಿಲ್ಲ. ಭಾರತೀಯ ಮಾನಕ ಐಎಸ್ 10500 (2012) ಲೀಟರಿಗೆ 200 ಮಿಲಿಗ್ರಾಂ ಒಳ್ಳೆಯದೆನ್ನುತ್ತದೆ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ಟಿಡಿಎಸ್ ಎಂದು ಎಲ್ಲರ ಬಾಯಲ್ಲಿರುವ ಕರಗಿದ ಘನಾಂಶದ ಮೊತ್ತಕ್ಕೆ ಇದೇ ಮಾನಕದ ಅಂಕಿ 500 ಮತ್ತು 2000. ನಿಜವಾದ ಅಪಾಯ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲದ ಪದಾರ್ಥಗಳಲ್ಲಿದೆ.

ಅವುಗಳಲ್ಲಿ ಮೊದಲನೆಯದು ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಅನಿವಾರ್ಯವಾದರೆ 1.5. ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ, ವರ್ಷಗಟ್ಟಲೆ ಕುಡಿದವರ ಮೂಳೆ ಮತ್ತು ಕೀಲುಗಳಲ್ಲಿ ಬಿಗಿತ. ಎರಡನೆಯದು ನೈಟ್ರೇಟ್. ಇದರ ಮಿತಿ 45 ಮಿಲಿಗ್ರಾಂ, ಇದಕ್ಕೆ ಯಾವ ಸಡಿಲಿಕೆಯೂ ಇಲ್ಲ. ಇದು ಕಲ್ಲಿನಿಂದ ಬಂದದ್ದಲ್ಲ, ನಮ್ಮಿಂದಲೇ ಬಂದದ್ದು: ಬಾವಿಯ ಪಕ್ಕದ ತಿಪ್ಪೆ, ದನದ ಕೊಟ್ಟಿಗೆ, ಶೌಚಗುಂಡಿ, ಹೊಲಕ್ಕೆ ಸುರಿದ ಯೂರಿಯಾ. ಬಾಟಲಿ ಹಾಲು ಕುಡಿಯುವ ಹಸುಗೂಸಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಇದು ಕುಂದಿಸಬಲ್ಲದು. ಮೂರನೆಯದು ಆರ್ಸೆನಿಕ್. ನೆರೆಯ ಯಾದಗಿರಿ ಜಿಲ್ಲೆಯ ಸುರಪುರ ಭಾಗದ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್ಕಿನಿಂದ ಜನರ ಚರ್ಮಕ್ಕೆ ಆದ ಹಾನಿಯನ್ನು ಜಾಧವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ವರದಿ ಮಾಡಿದರು. ಹಳೆಯ ಚಿನ್ನದ ಗಣಿಗಳಿದ್ದ ಮಂಗಳೂರು ಎಂಬ ಊರಿನ (ಕರಾವಳಿಯದಲ್ಲ, ಸುರಪುರ ಸೀಮೆಯದು) ಶಿಲಾಪಟ್ಟಿ ಅದು. ಭೀಮೆಯ ದಂಡೆಯ ಕಲ್ಲು ಬೇರೆ, ಆದ್ದರಿಂದ ಅಲ್ಲಿಯದೇ ಇಲ್ಲಿಯೂ ಇದೆ ಎನ್ನಲಾಗದು. ಆದರೂ ತಿಳಿ ನೀರೆಂದರೆ ಒಳ್ಳೆ ನೀರು ಎಂಬ ನಂಬಿಕೆಗೆ ಅಷ್ಟು ಹತ್ತಿರದಲ್ಲೇ ಸಿಕ್ಕ ಉತ್ತರ ಅದು.

ಇನ್ನು ಹೊಳೆಯ ನೀರು. ಭೀಮೆ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟು ದಾಟಿ, ಅಫಜಲಪುರದ ಸೊನ್ನ ಬ್ಯಾರೇಜಿನಲ್ಲಿ ನಿಂತು ಜೇವರ್ಗಿಯ ಕಡೆ ಬರುತ್ತಾಳೆ. ಗಾಣಗಾಪುರದಲ್ಲಿ ಆಳಂದ ಕಡೆಯ ಅಮರ್ಜಾ ಅವಳನ್ನು ಕೂಡುತ್ತಾಳೆ. ಮೇಲಿನ ಊರುಗಳ ಕೊಳಚೆಯೂ, ಹೊಲಗಳ ಗೊಬ್ಬರವೂ ಈ ದಾರಿಯಲ್ಲೇ ಬರಬೇಕು. ಬೇಸಿಗೆಯಲ್ಲಿ ಮಡುಗಟ್ಟಿದ ನೀರು ಹಸಿರುಗಟ್ಟುತ್ತದೆ; ಮಹಾಪೂರ ಬಂದರೆ, 2020ರ ಅಕ್ಟೋಬರಿನಲ್ಲಿ ಬಂದಂತೆ, ದಂಡೆಯ ಬಾವಿಗಳಿಗೂ ಪಂಪುಮನೆಗಳಿಗೂ ರಾಡಿ ನುಗ್ಗುತ್ತದೆ. ಬಹುಗ್ರಾಮ ಯೋಜನೆಯ ಶುದ್ಧೀಕರಣ ಘಟಕದಲ್ಲಿ ನೀರು ತಿಳಿಯಾಗಿ, ಕ್ಲೋರಿನ್ ಹಾಕಿಸಿಕೊಂಡು ಹೊರಟರೂ ಊರಿನ ಪೈಪು ಚರಂಡಿಯ ಪಕ್ಕದಲ್ಲೇ ಹಾದಿರುತ್ತದೆ. ನಳ ನಿಂತಾಗ ಪೈಪಿನೊಳಗೆ ಒತ್ತಡವಿಲ್ಲ. ಒಡೆದ ಜಾಗದಿಂದ ಹೊರಗಿನ ಹೊಲಸು ಒಳಗೆ ಇಳಿಯುತ್ತದೆ. ವಾರಕ್ಕೆರಡು ಸಲ ನಳ ಬಿಡುವ ಊರಿಗೆ ಈ ಅಪಾಯ ದಿನವಿಡೀ ನೀರು ಬರುವ ಊರಿಗಿಂತ ಹೆಚ್ಚು. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಳದ ನೀರು ಕುಡಿದು ವಾಂತಿಭೇದಿಯಾಗಿ ಜನ ಸತ್ತರು. ಅಲ್ಲಿ ಕಾಡಿದ್ದು ಕಲುಷಿತ ನೀರು, ಟಿಡಿಎಸ್ ಅಲ್ಲ.

ಪರೀಕ್ಷೆ

ಟಿಡಿಎಸ್ ಮೀಟರ್ ಎಂಬ ಪೆನ್ನಿನಂಥ ಉಪಕರಣ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು ಮಾತ್ರ. ಅದನ್ನೇ ಗುಣಿಸಿ ಒಂದು ಅಂಕಿ ತೋರಿಸುತ್ತದೆ. ಅಂಕಿ 300 ಎಂದರೆ ಲವಣ ಕಡಿಮೆ ಎಂದಷ್ಟೇ ಅರ್ಥ. ಆ ಲೋಟದಲ್ಲಿ ಕಾಲರಾ ರೋಗಾಣು ಇದ್ದರೂ ಅದೇ 300. ಆರ್ಸೆನಿಕ್ಕಿನ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದರ ಹತ್ತು ಪಟ್ಟು ಇದ್ದರೂ ಮೀಟರಿನ ಅಂಕಿ ಅಲುಗುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಮನೆಬಾಗಿಲಿಗೆ ಬರುವ ಮಾರಾಟಗಾರರ ಕಡ್ಡಿ ಪ್ರಯೋಗ. ಒಂದು ಲೋಟ ನಳದ ನೀರು, ಒಂದು ಲೋಟ ಲವಣ ತೆಗೆಯುವ ಆರ್‌ಒ ಯಂತ್ರದ ನೀರು. ಎರಡರಲ್ಲೂ ಲೋಹದ ಕಡ್ಡಿ ಇಳಿಸಿ ಕರೆಂಟು ಕೊಟ್ಟರೆ ನಳದ ನೀರು ಕ್ಷಣದಲ್ಲಿ ಕಂದಾಗಿ ಕೊಳಚೆಯಂತೆ ಕಾಣುತ್ತದೆ, ಆರ್‌ಒ ನೀರು ತಿಳಿಯಾಗಿಯೇ ಇರುತ್ತದೆ. ನೋಡಿದವರು ಹೆದರುವುದು ಸಹಜ. ಕಂದಾದದ್ದು ನೀರಿನ ಕೊಳೆಯಿಂದಲ್ಲ, ಕಡ್ಡಿಯ ಕಬ್ಬಿಣ ಕರಗಿ ತುಕ್ಕಾದದ್ದರಿಂದ. ಲವಣವಿರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಲವಣವಿಲ್ಲದ್ದರಲ್ಲಿ ಹರಿಯದು, ಅಷ್ಟೇ. ಆರ್‌ಒ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಮಾಡಿ ತೋರಿಸು ಎಂದರೆ ಆಟ ಮುಗಿಯುತ್ತದೆ.

ನಿಜವಾದ ಪರೀಕ್ಷೆ ದುಬಾರಿಯೇನಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ಕಲಿಸಬೇಕೆಂದು ಹೇಳುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಕೇಳಬೇಕು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯ ಕಲಬುರಗಿಯಲ್ಲಿದೆ. ಫ್ಲೋರೈಡ್, ನೈಟ್ರೇಟ್, ಗಡಸುತನ, ಟಿಡಿಎಸ್ ಈ ನಾಲ್ಕಕ್ಕೆ ಒಂದು ಲೀಟರ್ ನೀರು ಸಾಕು. ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ತೊಳೆದು ತುಂಬಬೇಕು. ರೋಗಾಣುವಿನ ಪರೀಕ್ಷೆಗೆ ಮಾತ್ರ ಕ್ರಿಮಿಶುದ್ಧ ಬಾಟಲಿ ಬೇಕು, ಮಾದರಿಯನ್ನು ತಂಪಿನಲ್ಲಿಟ್ಟು 24 ಗಂಟೆಯೊಳಗೆ ಮುಟ್ಟಿಸಬೇಕು. ಅಷ್ಟು ದೂರ ಒಯ್ಯಲಾಗದ ಊರಿಗೆ ಎಚ್‌2ಎಸ್ ಸೀಸೆ ಇದೆ. 1982ರಲ್ಲಿ ಕೆ. ಎಸ್. ಮಂಜ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಈ ವಿಧಾನದಲ್ಲಿ ಸೀಸೆಗೆ ಗೆರೆಯವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಮಲದ ಸೋಂಕಿರುವ ನೀರು ಕಪ್ಪಾಗುತ್ತದೆ. ಬೆಚ್ಚಗಿನ ಜಾಗಕ್ಕೆ ಈ ಸೀಮೆಯಲ್ಲಿ ಬರವಿಲ್ಲ. ಬೇಸಿಗೆಯ ಕೊನೆಗೊಮ್ಮೆ, ಮಳೆ ಹಿಡಿದ ಮೇಲೊಮ್ಮೆ ಪರೀಕ್ಷೆ ಮಾಡಿಸಿದರೆ ನೀರಿನ ಎರಡೂ ಮುಖ ಕಂಡಂತೆ.

ಸಾಧನಗಳು

ಅರಿವೆಯಲ್ಲಿ ಸೋಸುವುದು, ಪಟಿಕ ತಿರುಗಿಸಿ ರಾಡಿ ಇಳಿಸುವುದು, ಹರವಿಯ ಒಳಮೈಗೆ ಚಿಲ್ಲದ ಬೀಜ ತೇಯ್ದು ನೀರು ತಿಳಿಯಾಗಿಸುವುದು ಹಳೆಯ ದಾರಿಗಳು. ಇವು ರಾಡಿಗೆ ಮದ್ದು, ಜೊತೆಗೆ ರೋಗಾಣುವಿನ ಒಂದಷ್ಟು ಪಾಲೂ ತಳಕ್ಕೆ ಇಳಿಯುತ್ತದೆ, ಪೂರ್ತಿ ಅಲ್ಲ. ಕುದಿಸುವುದು ರೋಗಾಣುವಿಗೆ ಇಂದಿಗೂ ನಂಬಿಕೆಯ ಉಪಾಯ. ಗುಳ್ಳೆ ಎದ್ದು ಉಕ್ಕಿ ಕುದಿದರೆ ಸಾಕು, ಇಪ್ಪತ್ತು ನಿಮಿಷ ಗ್ಯಾಸು ಸುಡಬೇಕಿಲ್ಲ. ಗಡಸುತನದ ಒಂದು ಪಾಲೂ ಪಾತ್ರೆಯ ತಳಕ್ಕೆ ಕೂರುತ್ತದೆ. ಆದರೆ ಫ್ಲೋರೈಡ್, ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅವು ದಟ್ಟವಾಗುತ್ತವೆ. ಮಗುವಿಗೆಂದು ಹೆಚ್ಚು ಹೊತ್ತು ಕುದಿಸುವ ತಾಯಿ ನೈಟ್ರೇಟ್ ಇರುವ ನೀರನ್ನು ಕೆಡಿಸುತ್ತಿರುತ್ತಾಳೆ, ಗೊತ್ತಿಲ್ಲದೆ.

ಕ್ಯಾಂಡಲ್ ಫಿಲ್ಟರ್: ಎರಡು ಸ್ಟೀಲ್ ಡಬ್ಬಿ, ನಡುವೆ ಪಿಂಗಾಣಿಯ ಕ್ಯಾಂಡಲ್. ಪ್ಯಾರಿಸ್ಸಿನಲ್ಲಿ ಪಾಶ್ಚರ್ ಅವರ ಪ್ರಯೋಗಾಲಯದ ಶಾರ್ಲ್ ಶಾಂಬರ್ಲಾಂ 1884ರಲ್ಲಿ ರೂಪಿಸಿದ ಪಿಂಗಾಣಿ ಸೋಸುಗೊಳವೆಯ ವಂಶದ್ದು ಇದು. ಕರೆಂಟು ಬೇಡ, ನೀರು ಪೋಲಾಗದು. ಒಳ್ಳೆಯ ಕ್ಯಾಂಡಲ್ ರಾಡಿಯನ್ನೂ ಬಹುಪಾಲು ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ, ವೈರಸ್ಸನ್ನು ತಡೆಯದು. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅದು ಡಬ್ಬಿಯೇ ಹೊರತು ಫಿಲ್ಟರ್ ಅಲ್ಲ. ಇದಕ್ಕೆ ಕ್ಲೋರಿನ್ ಹನಿ ಅಥವಾ ಮಾತ್ರೆಯ ಜೋಡಿ ಚೆನ್ನ: ಸೋಸಿದ ನೀರಿಗೆ ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಬೇಕು.

ಯುಎಫ್ ಎಂಬುದು ಟೊಳ್ಳು ಎಳೆಗಳ ಕಟ್ಟು. ಎಳೆಗಳ ಗೋಡೆಯ ರಂಧ್ರ ಮೈಕ್ರಾನಿನ ನೂರನೆಯ ಒಂದು ಭಾಗದಿಂದ ಹತ್ತನೆಯ ಒಂದು ಭಾಗದಷ್ಟು. ರಾಡಿ, ಬ್ಯಾಕ್ಟೀರಿಯಾ ನಿಲ್ಲುತ್ತವೆ, ಲವಣ ಹಾದುಹೋಗುತ್ತದೆ. ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಇಳಿಯುವ ಒತ್ತಡವೇ ಸಾಕು. ಕರೆಂಟು ಹೋಗಿ ಬರುವ ಊರಿಗೆ ಇದು ಹೇಳಿ ಮಾಡಿಸಿದಂಥದು. ಆದರೂ ಅಂಗಡಿಯವರು ತಾವಾಗಿ ತೋರಿಸುವುದು ಕಡಿಮೆ, ಲಾಭ ಕಡಿಮೆಯಲ್ಲವೆ.

ಯುವಿ ಯಂತ್ರದಲ್ಲಿ ಸುಮಾರು 254 ನ್ಯಾನೊಮೀಟರ್ ತರಂಗದ ನೇರಳಾತೀತ ಬೆಳಕು ರೋಗಾಣುವಿನ ವಂಶವಾಹಿಯನ್ನು ಕೆಡಿಸುತ್ತದೆ. ನೀರು ತಿಳಿಯಾಗಿದ್ದರೆ ಮಾತ್ರ ಬೆಳಕು ತಲುಪುತ್ತದೆ, ರಾಡಿಯ ಕಣದ ಮರೆಯಲ್ಲಿ ರೋಗಾಣು ಬದುಕುತ್ತದೆ. ಗಡಸು ನೀರಿನಲ್ಲಿ ದೀಪದ ಗಾಜಿನ ಮೇಲೆ ಸುಣ್ಣ ಕೂತು ಬೆಳಕು ಮಂಕಾಗುತ್ತದೆ. ಕರೆಂಟು ಇಲ್ಲದಿದ್ದರೆ ಕೆಲಸವಿಲ್ಲ. ಕಾರ್ಬನ್ ಫಿಲ್ಟರ್ ವಾಸನೆ, ಕ್ಲೋರಿನ್, ಒಂದಷ್ಟು ಕೀಟನಾಶಕ ಹೀರುತ್ತದೆ. ಗಡಸುತನಕ್ಕೂ ಫ್ಲೋರೈಡಿಗೂ ಅದರಿಂದ ಉಪಯೋಗವಿಲ್ಲ. ಗಡಸುತನ ಇಳಿಸುವ ಸಾಫ್ಟ್ನರ್ ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತದೆ: ಸ್ನಾನಕ್ಕೆ, ಬಟ್ಟೆಗೆ ಒಳ್ಳೆಯದು, ರಕ್ತದೊತ್ತಡ ಇರುವವರು ಕುಡಿಯಲು ಬಳಸುವ ಮುನ್ನ ವೈದ್ಯರನ್ನು ಕೇಳಬೇಕು. ಫ್ಲೋರೈಡಿಗೆಂದೇ ಇರುವವು ಆ್ಯಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಮತ್ತು ನಾಗಪುರದ ನೀರಿ ಸಂಸ್ಥೆ ರೂಪಿಸಿದ, ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ. ಎರಡಕ್ಕೂ ಗಮನವಿಟ್ಟು ನೋಡಿಕೊಳ್ಳುವ ಕೈ ಬೇಕು.

ಆರ್‌ಒ

ಆರ್‌ಒ ತಂತ್ರದ ಮೂಲದಲ್ಲಿ ಒಬ್ಬ ಭಾರತೀಯರ ಹೆಸರಿದೆ. ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಮತ್ತು ಸಿಡ್ನಿ ಲೋಬ್ 1960ರ ಆಸುಪಾಸಿನಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಉಪ್ಪುನೀರಿನಿಂದ ಸಿಹಿನೀರು ಹಿಂಡುವ, ಬಳಕೆಗೆ ಬರುವ ಪೊರೆಯನ್ನು ಮಾಡಿ ತೋರಿಸಿದರು. 1965ರಲ್ಲಿ ಅಲ್ಲಿನ ಕೋಲಿಂಗಾ ಎಂಬ ಪಟ್ಟಣಕ್ಕೆ ಆ ಪೊರೆಯಿಂದ ಕುಡಿಯುವ ನೀರು ಸಿಕ್ಕಿತು. ಕೋಲಿಂಗಾದ ಕಷ್ಟವೂ ಸವಳು ಅಂತರ್ಜಲವೇ.

ಕರಗಿದ ಲವಣದ ಬಹುಪಾಲನ್ನು, ನೈಟ್ರೇಟ್ ಮತ್ತು ಫ್ಲೋರೈಡ್ ಸೇರಿ, ಮನೆಯ ಮಟ್ಟದಲ್ಲಿ ಇಳಿಸುವ ಸುಲಭ ಯಂತ್ರ ಆರ್‌ಒ ಒಂದೇ. ಆರ್ಸೆನಿಕ್ಕಿನ ಒಂದು ರೂಪ ಮಾತ್ರ ಪೊರೆಗೆ ಅಷ್ಟಾಗಿ ಸಿಕ್ಕುವುದಿಲ್ಲ. ಖರ್ಚು ಯಂತ್ರದ ಬೆಲೆಗೇ ಮುಗಿಯದು. ಮನೆಯ ಆರ್‌ಒ ಸಾಮಾನ್ಯವಾಗಿ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕಿದ ನಾಡಿನಲ್ಲಿ, ಏಪ್ರಿಲ್ ತಿಂಗಳಲ್ಲಿ ಟ್ಯಾಂಕರ್ ಕಾಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಹೊರಬಿಟ್ಟ ನೀರಿನಲ್ಲಿ ಪಾತ್ರೆ ತೊಳೆಯಬಹುದು, ನೆಲ ಒರೆಸಬಹುದು, ಶೌಚಕ್ಕೆ ಹಾಕಬಹುದು. ಹಿತ್ತಲ ಗಿಡಕ್ಕೆ ನಿತ್ಯ ಸುರಿದರೆ ಇಲ್ಲಿಯ ಎರೆಮಣ್ಣು ನೀರು ಬಸಿಯಗೊಡದೆ ಲವಣ ಕಟ್ಟಿಕೊಳ್ಳುತ್ತದೆ.

ಗಡಸು ನೀರು ಪೊರೆಗೂ ಶತ್ರು. ನೀರು ಹಿಂಡಿದಂತೆ ಉಳಿದ ಸುಣ್ಣ ಪೊರೆಯ ಮೇಲೆಯೇ ಹರಳುಗಟ್ಟುತ್ತದೆ. ಎರಡು ಮೂರು ವರ್ಷ ಬಾಳಬೇಕಾದ ಪೊರೆ ಇಂಥ ನೀರಿನಲ್ಲಿ ಅದಕ್ಕೂ ಮೊದಲೇ ಸೋಲಬಹುದು. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಎಷ್ಟು ಹಂತದ ಶುದ್ಧೀಕರಣ ಎಂಬುದಲ್ಲ; ಪೊರೆ ಬದಲಿಸಲು ಎಷ್ಟು ಖರ್ಚು, ಮೆಕ್ಯಾನಿಕ್ ಜೇವರ್ಗಿಯಿಂದ ಬರುತ್ತಾನೋ ಕಲಬುರಗಿಯಿಂದಲೋ ಎಂಬುದು.

ಇನ್ನೊಂದು ಮೋಸದ ತಿರುಪು ಟಿಡಿಎಸ್ ಕಂಟ್ರೋಲರ್. ಆರ್‌ಒ ನೀರು ಸಪ್ಪೆಯಾಯಿತೆಂದು ಇದನ್ನು ತಿರುಗಿಸಿದರೆ ಪೊರೆ ದಾಟದ ನೀರು ಸ್ವಲ್ಪ ಬಂದು ಬೆರೆಯುತ್ತದೆ. ಆ ನೀರಿನಲ್ಲಿ ಬರೀ ಗಡಸುತನವಿದ್ದರೆ ಬಾಧೆಯಿಲ್ಲ, ರುಚಿಯೂ ಖನಿಜವೂ ಮರಳುತ್ತವೆ. ಫ್ಲೋರೈಡ್ ಅಥವಾ ನೈಟ್ರೇಟ್ ಇದ್ದರೆ ಅವೂ ಮರಳುತ್ತವೆ. ಹಾಗೆಂದು ಲವಣವೆಲ್ಲ ಕಳೆದುಕೊಂಡ ನೀರೂ ಒಳ್ಳೆಯದಲ್ಲ. ಅಂಥ ನೀರನ್ನೇ ಕುಡಿಯುವುದರ, ಅದರಲ್ಲೇ ಅಡುಗೆ ಮಾಡುವುದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ 2005ರ ಪ್ರಕಟಣೆಯೊಂದು ಎಚ್ಚರಿಸಿದೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಹೇಳಿತ್ತು. ಹೊಳೆಯ ನೀರು ಬರುವ ಮನೆಯಲ್ಲಿ ಆರ್‌ಒ ಹಾಕಿಸುವವರಿಗೆ ಇದು ನೆನಪಿರಲಿ.

ಊರಿನ ಘಟಕ

ಗದಗ ಜಿಲ್ಲೆಯ ಹುಲಕೋಟಿ ಕಡೆ ಎಚ್. ಕೆ. ಪಾಟೀಲರ ಆಸಕ್ತಿಯಿಂದ ಬೆಳೆದ ಶುದ್ಧ ನೀರಿನ ಘಟಕಗಳ ಮಾದರಿ, ಅವರು ಗ್ರಾಮೀಣಾಭಿವೃದ್ಧಿ ಸಚಿವರಾದ 2013ರ ನಂತರ ರಾಜ್ಯದ ಹಳ್ಳಿಗಳಿಗೆ ಹರಡಿತು. ಕಾಯಿನ್ ಹಾಕಿದರೆ ಕ್ಯಾನು ತುಂಬುವ ಈ ಘಟಕದೊಳಗೆ ಇರುವುದೂ ಆರ್‌ಒ. ಚೆನ್ನಾಗಿ ನಡೆಯುವ ಘಟಕವಿರುವ ಊರಿನಲ್ಲಿ ಮನೆಗೊಂದು ಆರ್‌ಒ ಅನಗತ್ಯ ಎನ್ನುವುದು ಈ ಲೇಖನದ ಅಭಿಪ್ರಾಯ: ಒಂದು ಪೊರೆ ನೂರು ಮನೆಗೆ ದುಡಿಯುತ್ತದೆ, ಹೊರಬಿಟ್ಟ ನೀರನ್ನು ಒಂದೇ ಕಡೆ ನಿಭಾಯಿಸಬಹುದು. ಕೆಟ್ಟು ನಿಂತ ಘಟಕಗಳ ದೂರು ವಿಧಾನಮಂಡಲದವರೆಗೂ ಹೋಗಿದೆ, ಅದು ಬೇರೆ ಕತೆ. ಘಟಕದ ನೀರಿಗೂ ಒಂದು ದೌರ್ಬಲ್ಯವುಂಟು. ಅದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹೀಗಾಗಿ ತೊಳೆಯದ ಕ್ಯಾನಿನಲ್ಲಿ ರೋಗಾಣು ಮತ್ತೆ ಬೆಳೆಯುತ್ತದೆ.

ಯಾರಿಗೆ ಯಾವುದು

ಹೊಳೆಯ ನೀರಿನ ನಳ ಇರುವ ಮನೆಗೆ ಯುಎಫ್, ಇಲ್ಲವೇ ಕ್ಯಾಂಡಲ್ ಮತ್ತು ಕ್ಲೋರಿನ್ ಸಾಕು. ಕರೆಂಟು ನೆಚ್ಚಬಹುದಾದರೆ ಯುವಿ. ಬೋರಿನ ನೀರು ಬರೀ ಗಡಸಾಗಿದ್ದು ಉಳಿದುದೆಲ್ಲ ಮಿತಿಯೊಳಗಿದ್ದರೆ ಯಂತ್ರಕ್ಕಿಂತ ಬೇಳೆ ಬೇಯಿಸಲು ಎರಡು ಕೊಡ ಮೆದು ನೀರು ತರುವುದೇ ಅಗ್ಗ. ಟಿಡಿಎಸ್ 2000ದ ಹತ್ತಿರವಿದ್ದರೆ, ಅಥವಾ ನೈಟ್ರೇಟ್, ಫ್ಲೋರೈಡ್ ಮಿತಿ ದಾಟಿದ್ದರೆ ಆರ್‌ಒ ಬೇಕು, ಮನೆಯದೋ ಊರಿನದೋ. ಅದಕ್ಕೆ ಐಎಸ್ 16240 ಮಾನಕದ ಐಎಸ್ಐ ಗುರುತಿದೆಯೇ ನೋಡಬೇಕು. ಎರಡೂ ನೀರು ಸರದಿಯಲ್ಲಿ ಬರುವ ಮನೆಯವರು ಕುಡಿಯುವ ನೀರಿನ ಮೂಲವನ್ನು ಒಂದಕ್ಕೆ ಕಟ್ಟಿಕೊಳ್ಳುವುದು ಲೇಸು.

ಮೂರನೆಯ ಮೂಲವೂ ಇದೆ. ಈ ಸೀಮೆಯಲ್ಲಿ ವರ್ಷಕ್ಕೆ ಏಳೆಂಟು ನೂರು ಮಿಲಿಮೀಟರ್ ಮಳೆ. 40 ಚದರ ಮೀಟರ್ ಮಾಳಿಗೆಯ ಮೇಲೆ 700 ಮಿಲಿಮೀಟರ್ ಬಿದ್ದರೆ 28 ಸಾವಿರ ಲೀಟರ್. ಐದರಲ್ಲಿ ಒಂದು ಪಾಲು ಹೋದರೂ 22 ಸಾವಿರ ಉಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ ಒಂಬತ್ತು ಸಾವಿರದ ಚಿಲ್ಲರೆ. ಮಳೆನೀರಿನಲ್ಲಿ ಗಡಸುತನವಿಲ್ಲ, ಫ್ಲೋರೈಡಿನ ಭಯವಿಲ್ಲ, ಬ್ಯಾಳಿ ಬೆಣ್ಣೆಯಂತೆ ಬೇಯುತ್ತದೆ. ಮಾಳಿಗೆಯ ಧೂಳು, ಹಕ್ಕಿಯ ಹಿಕ್ಕೆಗಾಗಿ ಮೊದಲ ಮಳೆ ಹೊರಗೆ ಬಿಡಬೇಕು. ಬೆಂಗಳೂರಿನ ಎ. ಆರ್. ಶಿವಕುಮಾರ್ ರೂಪಿಸಿದ ಪಾಪ್‌ಅಪ್ ಫಿಲ್ಟರ್‌ನಂಥ ಸೋಸುಕ ಪೈಪಿಗೆ ಕೂರಿಸಿ, ಬೆಳಕು ಬೀಳದ ತೊಟ್ಟಿಯಲ್ಲಿ ಕಟ್ಟಿಟ್ಟರೆ ಮುಂದಿನ ಮಳೆಯವರೆಗೆ ಬರುತ್ತದೆ. ಕುಡಿಯುವಾಗ ಕುದಿಸುವುದು ಅಥವಾ ಕ್ಲೋರಿನ್ ಹಾಕುವುದು ಇಲ್ಲೂ ತಪ್ಪದು. ತೊಟ್ಟಿ ಕಟ್ಟುವ ಖರ್ಚು ಒಂದು ಆರ್‌ಒ ಯಂತ್ರಕ್ಕಿಂತ ಹೆಚ್ಚೇ, ಆದರೆ ಅದಕ್ಕೆ ಪೊರೆ ಬದಲಿಸಬೇಕಿಲ್ಲ.

ಯಾವುದನ್ನೇ ಕೊಂಡರೂ ಸೋಸಿದ ನೀರನ್ನು ನಲ್ಲಿಯಿರುವ, ಮುಚ್ಚಳ ಗಟ್ಟಿ ಕೂರುವ ಪಾತ್ರೆಯಲ್ಲಿಡಬೇಕು; ಕೈಯದ್ದಿದ ಚಂಬು ಯಂತ್ರ ಮಾಡಿದ್ದನ್ನೆಲ್ಲ ಕೆಡಿಸುತ್ತದೆ. ಕ್ಯಾಂಡಲನ್ನು ವಾರಕ್ಕೊಮ್ಮೆ ಮೆತ್ತನೆಯ ಬ್ರಷ್ಷಿನಿಂದ, ಸಾಬೂನಿಲ್ಲದೆ ತಿಕ್ಕಬೇಕು. ಆರ್‌ಒ ಯಂತ್ರದ ಮೊದಲ ಕೆಸರು ಫಿಲ್ಟರನ್ನು ಆರರಿಂದ ಹನ್ನೆರಡು ತಿಂಗಳಿಗೆ, ಹೊಳೆ ಕೆಂಪಾಗಿ ಬರುವ ತಿಂಗಳುಗಳಲ್ಲಿ ಇನ್ನೂ ಬೇಗ ಬದಲಿಸಬೇಕು. ಪೊರೆಯ ಸ್ಥಿತಿ ತಿಳಿಯಲು ಟಿಡಿಎಸ್ ಮೀಟರ್ ಉಪಯೋಗಕ್ಕೆ ಬರುತ್ತದೆ: ಹೊಸತಿದ್ದಾಗ ಸೋಸಿದ ನೀರಿನ ಅಂಕಿಯನ್ನು ಯಂತ್ರದ ಮೈಮೇಲೆ ಬರೆದಿಟ್ಟು, ಅದು ಏರುತ್ತ ಹೋದರೆ ಪೊರೆ ಸೋತಿದೆ ಎಂದು ತಿಳಿಯಬೇಕು.